ಪಕ್ಷಕ್ಕೆ ತಿರುಗಿಬಿದ್ದವರಿಗೆ ವೋಟು ಹಾಕಿದ್ದೀರಾ? ನಿಮ್ಮ ಅನುಭವ ಹೇಳಿ

ನಮ್ಮ ವಾರ್ಡಿನಲ್ಲಿ (ಮೈಸೂರು) ಒಬ್ಬರು ಪಕ್ಷ ಬೇಡ ಅಂದರೂ ಬಂಡಾಯ ನಿಲ್ಲುತ್ತಾರಂತೆ. ಒಳ್ಳೆಯ ಕೆಲಸಗಾರರು. ಅಪ್ಪ ಮಾತ್ರ ‘ಉಂಡ ಮನೆ ಜಂತೆ ಎಣಿಸೋರಿಗೆ ವೋಟು ಹಾಕಬೇಡ’ ಅಂತಾರೆ. ನೀವು ಹೇಗೆ ತೀರ್ಮಾನ ಮಾಡಿದಿರಿ?

ಮಂಡ್ಯದಿಂದ:
ನಾನೇ ಕಾಂಗ್ರೆಸ್ ಕಾರ್ಯಕರ್ತ. 2019ರಲ್ಲಿ ಮೈತ್ರಿ ಅಂತ ನಮ್ಮ ಸೀಟು ಜೆಡಿಎಸ್‌ಗೆ ಹೋಯಿತು. ಸುಮಲತಾ ಅವರು ಪಕ್ಷೇತರರಾಗಿ ನಿಂತರು. ಎದುರಿಗೆ ಜೆಡಿಎಸ್‌ನಿಂದ ಆಗಿನ ಮುಖ್ಯಮಂತ್ರಿಗಳ ಮಗ. ವರ್ಷಾನುಗಟ್ಟಲೆ ಬೂತಿನಲ್ಲಿ ಯಾರ ವಿರುದ್ಧ ಕೂತಿದ್ದೆವೋ ಅವರ ಪರವೇ ಮನೆ ಮನೆಗೆ ಹೋಗಿ ವೋಟು ಕೇಳು ಅಂದರೆ ಹೇಗೆ ಸ್ವಾಮಿ? ಮೂರು ರಾತ್ರಿ ನಿದ್ದೆ ಬರಲಿಲ್ಲ. ಕೊನೆಗೆ ಸುಮಲತಾ ಅವರ ಪ್ರಚಾರಕ್ಕೇ ಹೋದೆ. 1.25 ಲಕ್ಷಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು. ಆ ಸಲ ಪಕ್ಷದ ಮಾತು ಮೀರಿದವರು ನಾವು, ಕೆಳಗಿನವರು. ಊರಲ್ಲಿ ಯಾರೂ ನನ್ನನ್ನು ದ್ರೋಹಿ ಅನ್ನಲಿಲ್ಲ.

ನಾಗಮಂಗಲದಿಂದ:
ಜನ ಒಂದೇ ಸಲಕ್ಕೆ ತೀರ್ಪು ಕೊಟ್ಟು ಮುಗಿಸುವುದಿಲ್ಲ ತಮ್ಮಾ. 2016ರ ರಾಜ್ಯಸಭಾ ಚುನಾವಣೆಯಲ್ಲಿ ನಮ್ಮ ಶಾಸಕ ಚಲುವರಾಯಸ್ವಾಮಿ ಜೆಡಿಎಸ್‌ನಲ್ಲಿದ್ದೇ ಪಕ್ಷದ ಮಾತು ಮೀರಿ ಅಡ್ಡಮತ ಹಾಕಿದರು. 2018ರಲ್ಲಿ ಕಾಂಗ್ರೆಸ್‌ನಿಂದ ನಿಂತು ಸೋತರು. 2023ರಲ್ಲಿ ಅದೇ ಪಕ್ಷದಿಂದ ಗೆದ್ದರು. ಶ್ರೀರಂಗಪಟ್ಟಣದಲ್ಲಿ ರಮೇಶ ಬಂಡಿಸಿದ್ದೇಗೌಡರದ್ದೂ ಹೀಗೇ. ನಮ್ಮ ಮನೆಯಲ್ಲೂ ಮೊದಲ ಸಲ ಗುರುತು ನೋಡಿದೆವು, ಎರಡನೇ ಸಲ ಮನುಷ್ಯನನ್ನು ನೋಡಿದೆವು.

ಹುಣಸೂರಿನಿಂದ:
ನಮ್ಮಲ್ಲಿ ಬೇರೆ ಥರ. ವಿಶ್ವನಾಥ್ 2018ರಲ್ಲಿ ಜೆಡಿಎಸ್‌ನಿಂದ ಗೆದ್ದು, ಮರುವರ್ಷವೇ ರಾಜೀನಾಮೆ ಕೊಟ್ಟರು. ಡಿಸೆಂಬರ್‌ನ ಉಪಚುನಾವಣೆಗೆ ಬಿಜೆಪಿಯಿಂದ ನಿಂತರು, ಸೋತರು. ಅದೇ ದಿನ ಕೆ.ಆರ್.ಪೇಟೆಯಲ್ಲಿ ಅದೇ ದಾರಿ ಹಿಡಿದ ನಾರಾಯಣಗೌಡ ಗೆದ್ದರು! 2023ರಲ್ಲಿ ಅವರೂ ಸೋತರು ಬಿಡಿ.

ಮೈಸೂರಿನಿಂದ:
ಚಾಮುಂಡೇಶ್ವರಿಯ 2006ರ ಉಪಚುನಾವಣೆ ನೆನಪಿದೆಯಾ? ಜೆಡಿಎಸ್ ಹೊರಹಾಕಿದ್ದ ಸಿದ್ದರಾಮಯ್ಯ ಕಾಂಗ್ರೆಸ್‌ನಿಂದ ನಿಂತು ಗೆದ್ದಿದ್ದು ಬರೀ 257 ವೋಟಿನಿಂದ. ಎಣಿಕೆ ಮುಗಿಯುವವರೆಗೂ ನಮ್ಮ ಬೀದಿಯಲ್ಲಿ ಯಾರೂ ಊಟಕ್ಕೆ ಏಳಲಿಲ್ಲ. ಮನೆ ಮನೆಯೂ ಎರಡು ಪಾಲಾಗಿತ್ತು. ಅಪ್ಪನ ಮಾತನ್ನು ಸುಮ್ನೆ ತಳ್ಳಿಹಾಕಬೇಡಮ್ಮ. ಆ ಅಭ್ಯರ್ಥಿ ಮನೆಗೆ ಬಂದಾಗ ಅಪ್ಪನ ಎದುರಿಗೇ ಕೇಳು: ಪಕ್ಷದ ಜೊತೆ ಜಗಳ ಶುರುವಾಗಿದ್ದು ಟಿಕೆಟ್ ಕೈತಪ್ಪುವ ಮುಂಚೆಯೋ, ಆಮೇಲೋ? ಯಾವ ವಿಷಯಕ್ಕೆ? ನಾನು ಪ್ರತಿ ಸಲವೂ ಇದನ್ನೇ ಕೇಳುತ್ತೇನೆ. ಆಮೇಲೆ ಅಂದವರಿಗೆ ಇನ್ನೂ ವೋಟು ಹಾಕಿಲ್ಲ.