ಸ್ಪೀಡ್ ಟೆಸ್ಟ್ ಚೆನ್ನಾಗಿದೆ, ಮನೆಯೊಳಗೇ ಫೈಲ್ ಓಡುತ್ತಿಲ್ಲ: ಹೀಗಾದವರು ಏನು ಮಾಡಿದಿರಿ?

ಪ್ರಶ್ನೆ:
ಕೆಳಗಿನ ಕೋಣೆಯಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ 200 ಎಂಬಿಪಿಎಸ್ ಬರುತ್ತದೆ. ಆದರೆ ಮಹಡಿಯಲ್ಲಿ ಕೂತು ಕೆಳಗಿರುವ ನೆಟ್‌ವರ್ಕ್ ಡಿಸ್ಕಿಗೆ ಫೈಲ್ ಕಾಪಿ ಮಾಡಿದರೆ ಆಮೆ ನಡಿಗೆ. ಪ್ರಿಂಟರ್ ಒಮ್ಮೆ ಕಾಣುತ್ತದೆ, ಒಮ್ಮೆ ಮಾಯ. ಮಹಡಿಗೆ ಸಿಗ್ನಲ್ ಬರಲಿ ಎಂದು ಎರಡನೇ ರೂಟರ್ ಹಾಕಿದ ಮೇಲೆ ಇದು ಶುರುವಾಯಿತು. ರೀಸ್ಟಾರ್ಟ್ ಮಾಡಿ ಮಾಡಿ ಸಾಕಾಗಿದೆ.

ಉತ್ತರ 1:
ಸ್ಪೀಡ್ ಟೆಸ್ಟನ್ನು ಪಕ್ಕಕ್ಕಿಡಿ. ಅದು ಮನೆಯಿಂದ ಹೊರಗೆ ಹೋಗುವ ದಾರಿಯನ್ನು ಅಳೆಯುತ್ತದೆ. ನಿಮ್ಮ ತೊಂದರೆ ಒಳಗಿನದು. ಎರಡನೇ ರೂಟರ್ ಬಂದ ಮೇಲೆ ಅಂದಿರಲ್ಲ, ನನಗೆ ಅನುಮಾನ ಅದರ ಮೇಲೇ. ನಮ್ಮ ಮನೆಯಲ್ಲೂ ಇದೇ ಕಥೆ ಆಗಿತ್ತು.

ಫೋನನ್ನು ಕೆಳಗಿನ ವೈಫೈಗೆ ಸೇರಿಸಿ ಐಪಿ ವಿಳಾಸ ನೋಡಿ. ಆಮೇಲೆ ಮಹಡಿಯದಕ್ಕೆ ಸೇರಿಸಿ ನೋಡಿ. ಒಂದು ಕಡೆ 192.168.1, ಇನ್ನೊಂದು ಕಡೆ 192.168.0 ಎಂದು ಶುರುವಾದರೆ ಮನೆಯಲ್ಲಿ ಎರಡು ಬೇರೆ ನೆಟ್‌ವರ್ಕ್ ಇವೆ. ಎರಡು ರೂಟರೂ ಒಂದರ ಹಿಂದೊಂದು ವಿಳಾಸ ಬದಲಿಸುವ ಇದನ್ನೇ ಡಬಲ್ ನ್ಯಾಟ್ ಅನ್ನುವುದು. ತಮಾಷೆ ಏನೆಂದರೆ, ಐಪಿ ವಿಳಾಸ ಟೈಪ್ ಮಾಡಿದರೆ ಮೇಲಿನ ಲ್ಯಾಪ್‌ಟಾಪ್ ಕೆಳಗಿನ ಡಿಸ್ಕನ್ನು ಸಾಮಾನ್ಯವಾಗಿ ತಲುಪುತ್ತದೆ. ಕೆಳಗಿನಿಂದ ಮೇಲಕ್ಕೆ ಮಾತ್ರ ಬಿಡುವುದಿಲ್ಲ, ಎರಡನೇ ರೂಟರ್ ತಡೆಯುತ್ತದೆ. ಇನ್ನು ಪ್ರಿಂಟರ್. ಅದು ತಾನಾಗಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಎಂಡಿಎನ್‌ಎಸ್ ಎಂಬ ವಿಧಾನದ ಮೂಲಕ. "ನಾನಿಲ್ಲಿದ್ದೇನೆ" ಎಂಬ ಆ ಕೂಗು ತನ್ನ ನೆಟ್‌ವರ್ಕಿನೊಳಗೆ ಮಾತ್ರ ಕೇಳಿಸುತ್ತದೆ, ರೂಟರ್ ದಾಟುವುದಿಲ್ಲ. ಫೋನ್ ಯಾವ ವೈಫೈಗೆ ಅಂಟಿಕೊಂಡಿದೆ ಎಂಬುದರ ಮೇಲೆ ಪ್ರಿಂಟರ್ ಕಾಣುತ್ತದೆ ಅಥವಾ ಕಾಣುವುದಿಲ್ಲ. ಪಾಪ, ಸುಮ್ನೆ ಅದನ್ನು ಬೈಯಬೇಡಿ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ, ಆದರೆ ಡಬಲ್ ನ್ಯಾಟ್ ಒಂದರಿಂದಲೇ ಕಾಪಿ ಇಷ್ಟು ನಿಧಾನ ಆಗುವುದು ಕಡಿಮೆ. ನನ್ನ ಅನುಭವದಲ್ಲಿ ಕಳ್ಳ ಕೇಬಲ್ಲೇ. ಗಿಗಾಬಿಟ್ (1000 ಎಂಬಿಪಿಎಸ್) ಓಡಲು ಕೇಬಲ್ಲಿನ ನಾಲ್ಕೂ ಜೋಡಿ ತಂತಿ ಬೇಕು, 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು. ಒಂದು ತಂತಿ ಸಡಿಲವಾದರೆ ಎಷ್ಟೋ ಸಲ ಲಿಂಕ್ ಕಡಿಯುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಎಂಟು ಬಿಟ್ ಸೇರಿ ಒಂದು ಬೈಟ್, ಹಾಗಾಗಿ ಆಗ ಕಾಪಿ ಸೆಕೆಂಡಿಗೆ 11-12 ಮೆಗಾಬೈಟ್ ದಾಟುವುದಿಲ್ಲ. ರೂಟರಿನ ಸೆಟ್ಟಿಂಗ್ ಪುಟದಲ್ಲಿ ಆ ಪೋರ್ಟಿನ ಲಿಂಕ್ ಸ್ಪೀಡ್ ನೋಡಿ. ಕೆಲವು ಅಗ್ಗದ ರೂಟರ್‌ಗಳ ಪೋರ್ಟೇ 100ರದ್ದು, ಅದನ್ನೂ ನೋಡಿ.

ಡಿಸ್ಕೂ ವೈಫೈನಲ್ಲೇ ಇದೆಯಾ? ಇದ್ದರೆ ತಂತಿಗೆ ಹಾಕಿ. ಲ್ಯಾಪ್‌ಟಾಪ್, ಡಿಸ್ಕ್ ಎರಡೂ ಒಂದೇ ರೂಟರಿನ ಒಂದೇ ಬ್ಯಾಂಡಿನಲ್ಲಿದ್ದರೆ (2.4 ಅಥವಾ 5 ಗಿಗಾಹರ್ಟ್ಸ್) ಪ್ರತಿ ಪ್ಯಾಕೆಟ್, ಅಂದರೆ ಡೇಟಾದ ತುಣುಕು, ಗಾಳಿಯಲ್ಲಿ ಎರಡು ಸಲ ಹೋಗಬೇಕು, ಸ್ಪೀಡ್ ಅರ್ಧಕ್ಕೆ ಬೀಳುತ್ತದೆ.

ಉತ್ತರ 3:
ಗೆಸ್ಟ್ ವೈಫೈಗೆ ಸೇರಿದ ಸಾಧನಗಳಿಗೆ ಮನೆಯ ಬೇರೆ ಸಾಧನಗಳು ಸಾಮಾನ್ಯವಾಗಿ ಕಾಣುವುದಿಲ್ಲ. ಆಫೀಸ್ ಲ್ಯಾಪ್‌ಟಾಪಿನ ವಿಪಿಎನ್ (ಆಫೀಸ್ ನೆಟ್‌ವರ್ಕಿಗೆ ಸೇರಿಸುವ ಖಾಸಗಿ ದಾರಿ) ಕೂಡ ಮನೆಯೊಳಗಿನ ಟ್ರಾಫಿಕ್ಕನ್ನು ತಡೆಯಬಹುದು. ಅದನ್ನು ಆಫ್ ಮಾಡಿ ಒಮ್ಮೆ ನೋಡಿ.

ಪ್ರಶ್ನೆ ಕೇಳಿದವರು:
ವಿಪಿಎನ್ ಇಲ್ಲ. ಡಿಸ್ಕ್ ತಂತಿಯಲ್ಲೇ ಇದೆ. ಐಪಿ ನೀವು ಹೇಳಿದ ಹಾಗೇ 1 ಮತ್ತು 0! ಮಹಡಿಗೆ ಹೋದ ಕೇಬಲ್ 100 ತೋರಿಸುತ್ತಿದೆ. ಎರಡೂ ರೂಟರ್ ಗಿಗಾಬಿಟ್‌ನವೇ.

ಉತ್ತರ 1:
ಹಾಗಾದರೆ ಎರಡು ಬೇರೆ ಬೇರೆ ತೊಂದರೆ. ಮೊದಲು ಎರಡನೇ ರೂಟರಿನ ಸೆಟ್ಟಿಂಗಿನಲ್ಲಿ "ಆ್ಯಕ್ಸೆಸ್ ಪಾಯಿಂಟ್ ಮೋಡ್" (ಬೇರೆ ನೆಟ್‌ವರ್ಕ್ ಮಾಡದೆ ವೈಫೈ ಮಾತ್ರ ಕೊಡುವ ಮೋಡ್) ಇದೆಯಾ ನೋಡಿ. ಇದ್ದರೆ ಅದನ್ನು ಒತ್ತಿದರೆ ಆಯಿತು. ಇಲ್ಲದಿದ್ದರೆ ಕೈಯಾರೆ ಮಾಡಬೇಕು, ಅನುಕ್ರಮ ತಪ್ಪಿದರೆ ರೂಟರಿನ ಪುಟವೇ ತೆರೆಯದೆ ಪರದಾಟ. ಮೊದಲು ಎರಡನೇ ರೂಟರಿಗೆ ಮುಖ್ಯ ನೆಟ್‌ವರ್ಕಿನ ವಿಳಾಸ ಕೊಡಿ, ಉದಾಹರಣೆಗೆ 192.168.1.2. ಮುಖ್ಯ ರೂಟರಿನ ಡಿಎಚ್‌ಸಿಪಿ (ಸಾಧನಗಳಿಗೆ ತಾನಾಗಿ ವಿಳಾಸ ಕೊಡುವ ವ್ಯವಸ್ಥೆ) ಹಂಚುವ ವಿಳಾಸಗಳಲ್ಲಿ ಅದು ಸೇರಿರಬಾರದು. ಹೊಸ ವಿಳಾಸವನ್ನು ಬರೆದಿಟ್ಟುಕೊಳ್ಳಿ. ಅದರಲ್ಲೇ ಮತ್ತೆ ಲಾಗಿನ್ ಆಗಿ ಎರಡನೇ ರೂಟರಿನ ಡಿಎಚ್‌ಸಿಪಿ ಆಫ್ ಮಾಡಿ. ಕೊನೆಗೆ ಕೆಳಗಿನಿಂದ ಬಂದ ಕೇಬಲ್ಲನ್ನು ವ್ಯಾನ್ (ಹೊರಗಿನ ಸಂಪರ್ಕದ) ಪೋರ್ಟಿನಿಂದ ತೆಗೆದು ಲ್ಯಾನ್ (ಮನೆಯೊಳಗಿನ ಸಂಪರ್ಕದ) ಪೋರ್ಟಿಗೆ ಹಾಕಿ.

ಡಿಎಚ್‌ಸಿಪಿ ಆಫ್ ಮಾಡದೆ ಲ್ಯಾನ್ ಪೋರ್ಟಿಗೆ ಹಾಕಿದರೆ ಎರಡು ರೂಟರೂ ವಿಳಾಸ ಹಂಚಲು ಶುರು ಮಾಡುತ್ತವೆ. ಆಗ ನೆಟ್ ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ಹೇಳುವುದೇ ಕಷ್ಟ.

ಪ್ರಶ್ನೆ ಕೇಳಿದವರು:
ಆ ಮೋಡ್ ಇತ್ತು, ಒತ್ತಿದೆ. ಪ್ರಿಂಟರ್ ಈಗ ಎರಡೂ ಕಡೆ ಕಾಣುತ್ತಿದೆ. ಕೇಬಲ್ಲಿಗೆ ಹೊಸ ಕನೆಕ್ಟರ್ ಹಾಕಿಸಿದೆ, ಲಿಂಕ್ 1000 ಆಯಿತು. ಕಾಪಿ ವೈಫೈನಲ್ಲೇ ಸೆಕೆಂಡಿಗೆ 40 ಮೆಗಾಬೈಟ್ ದಾಟಿದೆ. ಆದರೆ ಡಿಸ್ಕ್ ಕ್ಲೌಡಿಗೆ ಬ್ಯಾಕಪ್ ಮಾಡುವಾಗ ವಿಡಿಯೋ ಕಾಲ್ ತಡವರಿಸುತ್ತದೆ. ಇದೂ ಅದೇ ತೊಂದರೆನಾ?

ಉತ್ತರ 2:
ಅಲ್ಲ, ಇದು ಹೊರಗಿನ ದಾರಿಯದು. ಅಪ್‌ಲೋಡ್ ತುಂಬಿದಾಗ ರೂಟರಿನಲ್ಲಿ ಪ್ಯಾಕೆಟ್‌ಗಳ ಉದ್ದ ಸಾಲು ಬೆಳೆಯುತ್ತದೆ, ವಿಡಿಯೋ ಕಾಲಿನ ಪ್ಯಾಕೆಟ್ಟೂ ಹಿಂದೆ ನಿಂತುಬಿಡುತ್ತದೆ. ಬ್ಯಾಕಪ್ ಓಡುವಾಗ ಹೊರಗಿನ ಯಾವುದಾದರೂ ವಿಳಾಸಕ್ಕೆ ಪಿಂಗ್ ಮಾಡಿ (ಉತ್ತರ ಬರಲು ಎಷ್ಟು ಹೊತ್ತು ಎಂದು ನೋಡುವ ಪರೀಕ್ಷೆ). 20 ಮಿಲಿಸೆಕೆಂಡ್ ಇದ್ದದ್ದು 300ಕ್ಕೆ ಹಾರಿದರೆ ಇದೇ. ರೂಟರಿನಲ್ಲಿ ಎಸ್‌ಕ್ಯೂಎಂ (ಈ ಸಾಲು ಬೆಳೆಯದಂತೆ ನೋಡಿಕೊಳ್ಳುವ ಸೆಟ್ಟಿಂಗ್) ಇದ್ದರೆ ಅಪ್‌ಲೋಡ್ ಮಿತಿಯನ್ನು ನಿಜವಾದ ಸ್ಪೀಡಿನ 90 ಶೇಕಡಾ ಸುಮಾರಿಗೆ ಇಡಿ. ಇಲ್ಲದಿದ್ದರೆ ಬ್ಯಾಕಪ್ ಆ್ಯಪಿನಲ್ಲೇ ಅಪ್‌ಲೋಡಿಗೆ ಮಿತಿ ಹಾಕಿ, ಅಥವಾ ಅದನ್ನು ರಾತ್ರಿಗೆ ಹಾಕಿಬಿಡಿ.