ಮಗಳನ್ನು ಜಪಾನಿ ಹೈಸ್ಕೂಲಿಗೆ ಸೇರಿಸುವುದೋ ಬೇಡವೋ? ಗೊತ್ತಿದ್ದವರು ದಯವಿಟ್ಟು ಹೇಳಿ

ಎಡೊಗಾವಾ ಅಮ್ಮ:
ಎಲ್ಲರಿಗೂ ನಮಸ್ಕಾರ. ಪೋಸ್ಟ್ ಸ್ವಲ್ಪ ಉದ್ದ ಇದೆ, ಓದಿ ಪ್ಲೀಸ್. ನಾವು ಬೆಂಗಳೂರಿನಿಂದ ಟೋಕಿಯೊಗೆ ಬಂದು ಇನ್ನೂ ಎರಡು ವರ್ಷ ತುಂಬಿಲ್ಲ. ಮಗಳು ಇಲ್ಲಿನ ಸರ್ಕಾರಿ ಚೂಗಾಕುವಿನಲ್ಲಿ (ಮಿಡಲ್ ಸ್ಕೂಲ್) ಮೂರನೇ ವರ್ಷ, ಅಂದರೆ ನಮ್ಮ ಒಂಬತ್ತನೇ ಕ್ಲಾಸ್. ಇಲ್ಲಿಯವರೆಗೆ ಸೀಟಿಗೆ ಅಂತ ಒದ್ದಾಡಿದ್ದೇ ಇಲ್ಲ, ವಾರ್ಡ್ ಆಫೀಸಿನಲ್ಲಿ ಹೆಸರು ಕೊಟ್ಟೆವು, ಸೇರಿಸಿಕೊಂಡರು. ಮೊನ್ನೆ ಸನ್ಶಾ ಮೆಂದನ್‌ಗೆ (ಟೀಚರ್, ಮಗು, ಪೋಷಕರು ಸೇರುವ ಮೀಟಿಂಗ್) ಹೋದಾಗ ಅವಳ ತನ್ನಿನ್ ಸೆನ್ಸೇ, ಅಂದರೆ ಕ್ಲಾಸ್ ಟೀಚರ್, ಯಾವ ಕೋಕೋಗೆ (ಹೈಸ್ಕೂಲಿಗೆ) ಪರೀಕ್ಷೆ ಬರೆಸುತ್ತೀರಿ ಎಂದು ಕೇಳಿದರು. ಕಡ್ಡಾಯ ಶಿಕ್ಷಣ ಚೂಗಾಕುವಿಗೇ ಮುಗಿಯುತ್ತದೆ, ಮುಂದಿನ ಮೂರು ವರ್ಷಕ್ಕೆ ಪರೀಕ್ಷೆ ಪಾಸಾದರೆ ಮಾತ್ರ ಸೀಟು ಎಂದು ನನಗೆ ಸರಿಯಾಗಿ ಅರ್ಥವಾಗಿದ್ದೇ ಅವತ್ತು. ಕೈಕಾಲೇ ಆಡುತ್ತಿಲ್ಲ. ಅವಳು ಮಾತು ಚೆನ್ನಾಗಿ ಆಡುತ್ತಾಳೆ. ಆದರೆ ವಿಜ್ಞಾನ, ಸಮಾಜದ ಪುಸ್ತಕ ತೆಗೆದರೆ ಕಂಜಿಯಲ್ಲಿ (ಚೀನಿ ಮೂಲದ ಅಕ್ಷರಗಳು) ಸಿಕ್ಕಿಕೊಳ್ಳುತ್ತಾಳೆ. ನಮ್ಮ ಯಜಮಾನರು ಸಿಬಿಎಸ್‌ಇ ಶಾಲೆಗೆ ಹಾಕೋಣ ಅನ್ನುತ್ತಾರೆ. ಅವಳು ಬ್ಯಾಂಡ್ ಕ್ಲಬ್ಬಿನಲ್ಲಿ ಕ್ಲಾರಿನೆಟ್ ನುಡಿಸುತ್ತಾಳೆ, ಗೆಳತಿಯರನ್ನು ಬಿಟ್ಟು ಬರಲ್ಲ ಎಂದು ಹಟ ಹಿಡಿದಿದ್ದಾಳೆ. ಜಪಾನಿ ಹೈಸ್ಕೂಲಿನ ಒಳಗೆ ನಿಜಕ್ಕೂ ಹೇಗಿರುತ್ತದೆ? ಇಂಥ ಮಗುವಿಗೆ ಸೀಟು ಸಿಗುತ್ತದಾ?

ಸೈತಾಮಾ ಶೆಟ್ಟಿ:
ನಮ್ಮ ಮಗನಿಗೂ ಮುಂದಿನ ವರ್ಷ ಇದೇ ಪ್ರಶ್ನೆ. ಉತ್ತರ ನೋಡುತ್ತಿರುತ್ತೇನೆ.

ಕೊತೋ ವಾರ್ಡ್ ಅಪ್ಪ:
ಮೇಡಂ, ಮೊದಲು ಗಾಬರಿ ಬಿಡಿ. ಟೋಕಿಯೊದ ಸರ್ಕಾರಿ ಹೈಸ್ಕೂಲುಗಳಲ್ಲಿ ಕೆಲವು ಕಡೆ ವಿದೇಶಿ ಮಕ್ಕಳಿಗೆ ಅಂತಲೇ ಬೇರೆ ಸೀಟುಗಳಿವೆ. ಶಾಲೆಗೆ ಸೇರುವ ಹೊತ್ತಿಗೆ ಜಪಾನಿಗೆ ಬಂದು ಸಾಮಾನ್ಯವಾಗಿ 3 ವರ್ಷದೊಳಗೆ ಇರಬೇಕು. ನಿಮ್ಮ ಮಗಳು ಅದರಲ್ಲಿ ಬರುತ್ತಾಳೆ. ಪ್ರಬಂಧ ಮತ್ತು ಸಂದರ್ಶನ ಅಷ್ಟೇ, ಜಪಾನಿ ಅಥವಾ ಇಂಗ್ಲಿಷ್ ಯಾವುದರಲ್ಲಾದರೂ ಮಾಡಬಹುದು. ನಿಮ್ಮ ಕಡೆಗೆ ಹತ್ತಿರ ಅಂದರೆ ಮಿನಾಮಿ ಕತ್ಸುಶಿಕಾ ಇದೆ, ಕಿತಾ ವಾರ್ಡಿನಲ್ಲಿ ಆಸುಕಾ ಇದೆ, ಮೆಗುರೊದಲ್ಲಿ ಕೊಕುಸಾಯ್ ಇದೆ. ಕೊಕುಸಾಯ್‌ಗೆ ಪೈಪೋಟಿ ಜಾಸ್ತಿ.

ಸಾಮಾನ್ಯ ದಾರಿಯಲ್ಲಿ ಹೋದರೆ ಫೆಬ್ರವರಿಯಲ್ಲಿ ಐದು ವಿಷಯದ ಪರೀಕ್ಷೆ, ಅದಕ್ಕೆ 700 ಅಂಕ. ಚೂಗಾಕುವಿನಿಂದ ಹೋಗುವ ನೈಶಿನ್, ಅಂದರೆ ಶಾಲೆಯೇ ಪ್ರತಿ ವಿಷಯಕ್ಕೆ ಕೊಡುವ ಅಂಕಕ್ಕೆ 300. ಇಂಗ್ಲಿಷ್ ಮಾತಿನ ಪರೀಕ್ಷೆಗೆ 20, ಅದು ನಮ್ಮ ಮಕ್ಕಳಿಗೆ ಅನುಕೂಲ. ನೈಶಿನ್‌ನಲ್ಲಿ ಒಂದು ವಿಷಯ ನಮ್ಮವರು ಯಾರೂ ಗಮನಿಸುವುದಿಲ್ಲ. ಸಂಗೀತ, ಚಿತ್ರಕಲೆ, ಆಟ, ಗೃಹವಿಜ್ಞಾನ ಮತ್ತು ತಂತ್ರಜ್ಞಾನ, ಈ ನಾಲ್ಕರ ಅಂಕವನ್ನು ಎರಡರಿಂದ ಗುಣಿಸುತ್ತಾರೆ. ಇವೆಲ್ಲ ಸೈಡ್ ಸಬ್ಜೆಕ್ಟ್ ಎಂದು ಬಿಡಬೇಡಿ. ಮೂರನೇ ವರ್ಷದ ಎರಡನೇ ಟರ್ಮಿನ ಅಂಕವೇ ಲೆಕ್ಕಕ್ಕೆ ಬರುತ್ತದೆ, ನಿಮಗೆ ಇನ್ನೂ ಸಮಯ ಇದೆ. ಬಂದು ಕೆಲವೇ ವರ್ಷ ಆದ ಮಕ್ಕಳಿಗೆ ಪ್ರಶ್ನೆಪತ್ರಿಕೆಯಲ್ಲಿ ಕಂಜಿಯ ಮೇಲೆ ಅದರ ಉಚ್ಚಾರಣೆಯನ್ನು ಸುಲಭದ ಹಿರಗಾನ ಅಕ್ಷರದಲ್ಲಿ ಹಾಕಿಕೊಡುತ್ತಾರೆ. ಮೊದಲೇ ಕೇಳಿಕೊಳ್ಳಬೇಕು, ತಾನಾಗಿ ಬರುವುದಿಲ್ಲ.

ನಿಶಿಕಸಾಯ್ ಹಳಬ:
ಇದೆಲ್ಲ ಸರಿ, ಆದರೆ ಯಾರೂ ಮುಖ್ಯ ಪ್ರಶ್ನೆ ಕೇಳುತ್ತಿಲ್ಲ. ನೀವು ಇಲ್ಲೇ ಇರುತ್ತೀರಾ? ನಾನು ನಿಶಿಕಸಾಯ್‌ನಲ್ಲಿ ನಮ್ಮವರು ಬೆರಳೆಣಿಕೆಯಷ್ಟು ಇದ್ದ ಕಾಲದಿಂದ ಇದ್ದೇನೆ. ಆಗ ಇಂಡಿಯನ್ ಶಾಲೆಯೇ ಇರಲಿಲ್ಲ. 2004ರಲ್ಲಿ ಒಂದು, 2006ರಲ್ಲಿ ಇನ್ನೊಂದು ಶುರುವಾಯಿತು. ಅವು ಬರಲಿ ಎಂದು ನಾವೆಲ್ಲ ಎಷ್ಟು ಓಡಾಡಿದ್ದೇವೆ ಗೊತ್ತಾ? ಈಗ ಬಾಗಿಲ ಮುಂದೆ ಸಿಬಿಎಸ್‌ಇ ಇದೆ, ಬಿಟ್ಟು ಪರೀಕ್ಷೆ, ನೈಶಿನ್ ಅಂತ ಯಾಕೆ ಒದ್ದಾಡಬೇಕು? ಪ್ರಾಜೆಕ್ಟ್ ಮುಗಿದ ದಿನ ಕಂಪನಿ ನಿಮ್ಮನ್ನು ವಾಪಸ್ ಕಳಿಸುತ್ತದೆ. ಆಗ ಆ ಮಗು ಹನ್ನೊಂದನೇ ಕ್ಲಾಸಿಗೆ ಬೆಂಗಳೂರಿನ ಪಿಯು ಕಾಲೇಜಿಗೆ ಹೋಗಿ ಏನು ಮಾಡುತ್ತದೆ? ಭೌತಶಾಸ್ತ್ರ, ಗಣಿತ ಎಲ್ಲ ಜಪಾನಿಯಲ್ಲಿ ಕಲಿತಿರುತ್ತದೆ. ಜೆಇಇ ಇಲ್ಲ, ನೀಟ್ ಇಲ್ಲ. ಅತ್ತ ಇಲ್ಲಿಯವರೂ ಆಗಲ್ಲ, ಇತ್ತ ನಮ್ಮವರೂ ಆಗಲ್ಲ. ಸಿಬಿಎಸ್‌ಇಯಲ್ಲಿ ಒಂಬತ್ತಕ್ಕೇ ನೋಂದಣಿ ಆಗಬೇಕು, ಹತ್ತಕ್ಕೆ ನೇರ ಸೇರಿಸುವುದು ಕಷ್ಟ. ಈಗಲೇ ಹಾಕಿ. ಯಜಮಾನರು ಹೇಳುವುದೇ ಸರಿ. ಮಕ್ಕಳು ಗೆಳತಿಯರಿಗಾಗಿ ಅಳುತ್ತಾರೆ, ಒಂದು ತಿಂಗಳಲ್ಲಿ ಸರಿಹೋಗುತ್ತಾರೆ.

ಯೊಕೊಹಾಮಾ ಅಕ್ಕ:
ಹಿರಿಯರು ನೀವು, ಆದರೂ ಒಂದು ಮಾತು ಹೇಳುತ್ತೇನೆ. ಎಲ್ಲರೂ ವಾಪಸ್ ಹೋಗುತ್ತಾರೆ ಎಂದು ನೀವು ಮೊದಲಿನಿಂದ ಹೇಳುತ್ತಲೇ ಇದ್ದೀರಿ, ನೀವೇ ಹೋಗಿಲ್ಲ. ನನ್ನ ಮಗ ಸರ್ಕಾರಿ ಹೈಸ್ಕೂಲಿನಲ್ಲೇ ಓದಿದ. ಈಗ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್. ಹೆಚ್ಚಿನ ರಾಷ್ಟ್ರೀಯ ವಿಶ್ವವಿದ್ಯಾಲಯಗಳಲ್ಲಿ ಫೀಸ್ ವರ್ಷಕ್ಕೆ 5,35,800 ಯೆನ್. ಬೆಂಗಳೂರಿನ ಮ್ಯಾನೇಜ್‌ಮೆಂಟ್ ಸೀಟಿನ ಪಕ್ಕ ಇಟ್ಟು ನೋಡಿ. ಸರ್ಕಾರಿ ಹೈಸ್ಕೂಲಿಗೆ ಬೋಧನಾ ಶುಲ್ಕ ವರ್ಷಕ್ಕೆ 1,18,800 ಯೆನ್, ಅದಕ್ಕೂ ಸರ್ಕಾರದ ನೆರವಿದೆ, ಅರ್ಜಿ ಶಾಲೆಯಲ್ಲೇ ಕೊಡುತ್ತಾರೆ. ನನ್ನ ಮಗ ಕೆಂದೋ (ಜಪಾನಿ ಕತ್ತಿವರಸೆ) ಕ್ಲಬ್ಬಿಗೆ ಬೆಳಗ್ಗೆ ಕತ್ತಲಲ್ಲೇ ಎದ್ದು ಹೋಗುತ್ತಿದ್ದ. ಒಂದು ದಿನವೂ ಎಬ್ಬಿಸಬೇಕಾಗಲಿಲ್ಲ. ಆ ಶಿಸ್ತು ಅವನಿಗೆ ಆ ಶಾಲೆಯಿಂದ ಬಂತು, ಅದನ್ನು ಎಲ್ಲರ ಮುಂದೆಯೂ ಹೇಳುತ್ತೇನೆ.

ನಿಶಿಕಸಾಯ್ ಹಳಬ:
ನಿಮ್ಮ ಮಗ ಇಲ್ಲೇ ಹುಟ್ಟಿದವನು ಅಕ್ಕಾ. ಅವನ ಕಥೆ ಬೇರೆ, ಈ ಮಗುವಿನದು ಬೇರೆ. ಎರಡು ವರ್ಷದ ಜಪಾನಿ ಭಾಷೆ ಇಟ್ಟುಕೊಂಡು ವಿಶ್ವವಿದ್ಯಾಲಯ ಪ್ರವೇಶದ ಕ್ಯೋತ್ಸು ಟೆಸ್ಟ್ ಬರೆಯುತ್ತಾಳಾ?

ಯೊಕೊಹಾಮಾ ಅಕ್ಕ:
ಅವಳು ಅದನ್ನು ಬರೆಯುವುದು ಇನ್ನು ಮೂರು ವರ್ಷ ಆದ ಮೇಲೆ. ಮಕ್ಕಳು ಎಷ್ಟು ಬೇಗ ಕಲಿಯುತ್ತಾರೆ ಎಂದು ನೀವೇ ನೋಡಿಲ್ವಾ?

ನಾಗೋಯಾದ ಮೈಸೂರಿಗ:
ನಮ್ಮ ಮನೆಯಲ್ಲೂ ಈ ಜಗಳ ಆಗಿತ್ತು. ಈ ಕಡೆ ಆಗ ಸಿಬಿಎಸ್‌ಇ ಶಾಲೆ ಇರಲಿಲ್ಲ, ಅಂತರರಾಷ್ಟ್ರೀಯ ಶಾಲೆಯ ಫೀಸ್ ನಮ್ಮ ಕೈಗೆ ಎಟುಕುತ್ತಿರಲಿಲ್ಲ. ಮಗನನ್ನು ಮೈಸೂರಿನಲ್ಲಿ ಅಜ್ಜಿಯ ಮನೆಯಲ್ಲಿ ಬಿಟ್ಟು ಪಿಯುಗೆ ಸೇರಿಸಿದೆವು. ಅಂಕ ಚೆನ್ನಾಗಿ ಬಂತು, ಒಳ್ಳೆಯ ಕಾಲೇಜೂ ಸಿಕ್ಕಿತು. ಆದರೆ ಹದಿನಾರು ಹದಿನೇಳನೇ ವಯಸ್ಸಿನಲ್ಲಿ ಅವನು ಹೇಗಿದ್ದ ಎಂದು ನಮಗೆ ವಿಡಿಯೊ ಕಾಲಿನಲ್ಲಿ ಕಂಡಷ್ಟೇ ಗೊತ್ತು. ಅವನ ಅಮ್ಮ ಇವತ್ತಿಗೂ ಅದನ್ನು ನೆನೆಸಿಕೊಂಡು ಊಟ ಬಿಡುತ್ತಾಳೆ. ಯಾವ ಶಾಲೆ ಆದರೂ ಸರಿ, ಮಗುವನ್ನು ಜೊತೆಯಲ್ಲಿ ಇಟ್ಟುಕೊಳ್ಳಿ ಮೇಡಂ. ನಾನು ಹೇಳುವುದು ಇಷ್ಟೇ.

ಸೈತಾಮಾ ಶೆಟ್ಟಿ:
ಸರ್, ಓದಿ ಬೇಜಾರಾಯಿತು.

ತೊರಿತ್ಸು ಹಳೆ ವಿದ್ಯಾರ್ಥಿನಿ:
ನಮಸ್ತೆ ಆಂಟಿ. ನಾನು ಟೋಕಿಯೊದ ಸರ್ಕಾರಿ ಹೈಸ್ಕೂಲಿನಲ್ಲಿ ಓದಿ ಹೋದ ವರ್ಷ ಮುಗಿಸಿದೆ. ಒಳಗೆ ಹೇಗಿರುತ್ತದೆ ಎಂದು ನೀವು ಕೇಳಿದಿರಿ, ಅದಕ್ಕೆ ಇನ್ನೂ ಯಾರೂ ಹೇಳಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬೆಳಗ್ಗೆ ಎಂಟೂವರೆ ಒಳಗೆ ಹೋಮ್‌ರೂಮಿನಲ್ಲಿ ಇರಬೇಕು. 50 ನಿಮಿಷದ ಆರು ಕ್ಲಾಸ್. ಮಧ್ಯಾಹ್ನ ಊಟ ಮನೆಯಿಂದ ಅಥವಾ ಶಾಲೆಯ ಅಂಗಡಿಯಿಂದ. ಚೂಗಾಕುವಿನ ಕ್ಯೂಶೊಕುವಿನಲ್ಲಿ (ಶಾಲೆಯೇ ಕೊಡುವ ಊಟ) ಎಲ್ಲದರಲ್ಲೂ ಮೀನಿನ ದಾಶಿ (ಸಾರು) ಇರುತ್ತದೆ ಎಂದು ಅಮ್ಮ ಕಷ್ಟಪಡುತ್ತಿದ್ದರು, ಹೈಸ್ಕೂಲಿನಲ್ಲಿ ಆ ತೊಂದರೆ ಪೂರ್ತಿ ಹೋಯಿತು. ನನ್ನ ಚಿತ್ರಾನ್ನಕ್ಕೆ ಗೆಳತಿಯರು ಕಾಯುತ್ತಿದ್ದರು. ಕ್ಲಾಸ್ ಮುಗಿದ ಮೇಲೆ ಎಲ್ಲರೂ ಸೇರಿ ಗುಡಿಸಿ ಒರೆಸುತ್ತೇವೆ, ಆಮೇಲೆ ಬುಕಾತ್ಸು, ಅಂದರೆ ಕ್ಲಬ್. ಮಗಳು ಬ್ಯಾಂಡಿನಲ್ಲಿ ಇದ್ದಾಳೆ ಅಂದಿರಲ್ಲ, ಹೈಸ್ಕೂಲ್ ಬ್ಯಾಂಡ್ ಅಂದರೆ ತುಂಬಾ ಗಂಭೀರ. ಬೇಸಿಗೆ ರಜೆಯಲ್ಲೂ ಅಭ್ಯಾಸ ಇರುತ್ತದೆ. ಊರಿಗೆ ಟಿಕೆಟ್ ಮಾಡಿಸುವ ಮುಂಚೆ ಕ್ಲಬ್ಬಿನ ದಿನಾಂಕ ಕೇಳಿ, ಇಲ್ಲದಿದ್ದರೆ ಸೆನ್ಪಾಯ್‌ಗಳ (ಸೀನಿಯರ್‌ಗಳ) ಮುಂದೆ ಅವಳಿಗೆ ಕಷ್ಟ.

ಓದಿನಲ್ಲಿ ನನಗೆ ಅತಿ ಕಷ್ಟವಾಗಿದ್ದು ಕೊಬುನ್, ಸಾವಿರ ವರ್ಷದ ಹಿಂದಿನ ಜಪಾನಿ. ನಿಮಗೆ ಪಂಪಭಾರತ ಕೊಟ್ಟು ವ್ಯಾಕರಣ ಬಿಡಿಸಿ ಅಂದ ಹಾಗೆ. ಆದರೆ ಜಪಾನಿ ಮಕ್ಕಳಿಗೂ ಅದು ಕಷ್ಟವೇ, ಅಲ್ಲಿ ನಾನೊಬ್ಬಳೇ ಹಿಂದೆ ಅನಿಸಲಿಲ್ಲ. ಅಕಾತೆನ್ (ಫೇಲ್ ಅಂಕ) ಬಂದರೆ ರಜೆಯಲ್ಲಿ ಕರೆದು ಹೇಳಿಕೊಡುತ್ತಾರೆ. ಗಣಿತದಲ್ಲಿ ನಾನು ಚೆನ್ನಾಗಿಯೇ ಇದ್ದೆ. ಎರಡನೇ ವರ್ಷದಲ್ಲಿ ಬುಂಕೆಯ್, ರಿಕೆಯ್ ಎಂದು ಕಲೆ, ವಿಜ್ಞಾನ ಬೇರೆ ಮಾಡುತ್ತಾರೆ, ಮೊದಲ ವರ್ಷವೇ ತೀರ್ಮಾನ ಕೇಳುತ್ತಾರೆ.

ನಿಯಮಗಳು ಜಾಸ್ತಿ. 2022ರ ಏಪ್ರಿಲ್‌ನಿಂದ ಟೋಕಿಯೊದ ಸರ್ಕಾರಿ ಹೈಸ್ಕೂಲುಗಳು ಕೂದಲು ಕಪ್ಪು ಮಾಡಿಸುವ ನಿಯಮ, ಒಳಉಡುಪಿನ ಬಣ್ಣದ ನಿಯಮ ಇವನ್ನೆಲ್ಲ ಬಿಟ್ಟಿವೆ. ಆದರೂ ಕಿವಿಯೋಲೆ ಎಷ್ಟೋ ಕಡೆ ಬೇಡ ಅನ್ನುತ್ತಾರೆ. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಚಿಕ್ಕಂದಿನಲ್ಲೇ ಕಿವಿ ಚುಚ್ಚುತ್ತಾರೆ ಎಂದು ಅಪ್ಪ ಸೇರುವ ಮುಂಚೆಯೇ ಹೋಗಿ ವಿವರಿಸಿದ್ದರು, ಒಪ್ಪಿದರು. ನೀವೂ ಮೊದಲೇ ಮಾತಾಡಿಬಿಡಿ.

ಒಂಟಿತನ ಇರಲಿಲ್ಲ ಅಂತ ಹೇಳಲ್ಲ ಆಂಟಿ. ಮೊದಲ ಟರ್ಮಿನಲ್ಲಿ ಎಲ್ಲರೂ ಮರ್ಯಾದೆಯಿಂದ ಮಾತಾಡಿಸುತ್ತಾರೆ, ಹತ್ತಿರ ಬರುವುದಿಲ್ಲ. ಬುಂಕಾಸಾಯ್‌ಗೆ (ಶಾಲೆಯ ಹಬ್ಬ) ನಮ್ಮ ಕ್ಲಾಸಿನವರು ತಿಂಡಿ ಅಂಗಡಿ ಹಾಕಿದೆವು. ವಾರಗಟ್ಟಲೆ ಸಂಜೆವರೆಗೆ ರಟ್ಟು ಕತ್ತರಿಸಿ ಬಣ್ಣ ಹಚ್ಚಿದ ಮೇಲೆ ಎಲ್ಲ ಬದಲಾಯಿತು. ಕ್ಲಬ್ ಇರುವ ಮಗುವಿಗೆ ಇದು ಇನ್ನೂ ಬೇಗ ಆಗುತ್ತದೆ.

ನಿಶಿಕಸಾಯ್ ಹಳಬ:
ಚೆನ್ನಾಗಿ ಬರೆದಿದ್ದೀಯಮ್ಮ, ಸಂತೋಷ. ಆದರೆ ಹಬ್ಬ, ಬ್ಯಾಂಡು ಇವೆಲ್ಲ ಮೂರು ವರ್ಷ, ಕೆಲಸ ನಲವತ್ತು ವರ್ಷ. ವಾಪಸ್ ಹೋದರೆ ಏನು ಎಂಬ ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಕೊತೋ ವಾರ್ಡ್ ಅಪ್ಪ:
ಸರ್, ಪೂರ್ತಿ ಮುಗಿಸಿ ಹೋದರೆ ಅದು ನಮ್ಮ ಹನ್ನೆರಡನೇ ಕ್ಲಾಸಿಗೆ ಸಮ ಎಂಬ ಸಮಾನತೆ ಪತ್ರಕ್ಕೆ ಅರ್ಜಿ ಹಾಕಿ ನಮ್ಮಲ್ಲಿ ಡಿಗ್ರಿಗೆ ಪ್ರಯತ್ನಿಸಬಹುದು. ಮಧ್ಯದಲ್ಲಿ ಹೋಗಬೇಕಾದರೆ ಕಷ್ಟ, ಅದು ನಿಜ. ಹಾಗಾಗಿ ಮೇಡಂ, ಯಜಮಾನರ ಕೆಲಸ ಮೂರು ವರ್ಷ ಇಲ್ಲೇ ಇರುತ್ತದಾ ಎಂದು ಕಂಪನಿಯಲ್ಲಿ ಮೊದಲು ಕೇಳಿಸಿ. ಇರುತ್ತದೆ ಅಂದರೆ ವಿಶೇಷ ಸೀಟಿಗೆ ಅರ್ಜಿ ಹಾಕಿ. ಅದರ ಪರೀಕ್ಷೆಯ ದಿನ ಬೇರೆ, ಸಾಮಾನ್ಯ ಪರೀಕ್ಷೆಯ ದಿನ ನೋಡಿಕೊಂಡು ಕೂರಬೇಡಿ.

ಎಡೊಗಾವಾ ಅಮ್ಮ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೊತೋ ಅಣ್ಣಾ, ನಿಮ್ಮ ಮೊದಲ ಉತ್ತರ ಈಗ ಮೇಲೆ ಹೋಗಿ ಓದಿದೆ, ವಾದದ ಮಧ್ಯೆ ಕಂಡಿರಲೇ ಇಲ್ಲ. ವಿಶೇಷ ಸೀಟಿನ ವಿಷಯ ನಮಗೆ ಯಾರೂ ಹೇಳಿರಲಿಲ್ಲ. ಸೋಮವಾರವೇ ಸೆನ್ಸೇಯವರನ್ನು ಕೇಳುತ್ತೇನೆ. ಯಜಮಾನರೂ ಕಂಪನಿಯಲ್ಲಿ ಮಾತಾಡುತ್ತೇನೆ ಅಂದಿದ್ದಾರೆ. ಶಾಲೆಗಳ ಸೆತ್ಸುಮೆಯ್ಕಾಯ್‌ಗೆ (ಶಾಲೆಯ ಬಗ್ಗೆ ವಿವರಿಸುವ ಸಭೆ) ಮಗಳನ್ನೂ ಕರೆದುಕೊಂಡು ಹೋಗಬೇಕಾ?

ತೊರಿತ್ಸು ಹಳೆ ವಿದ್ಯಾರ್ಥಿನಿ:
ಹೌದು ಆಂಟಿ, ಅವಳು ಬರಲೇಬೇಕು, ಬ್ಯಾಂಡ್ ಅಭ್ಯಾಸವನ್ನೂ ನೋಡಲು ಬಿಡುತ್ತಾರೆ, ಕೇಳಿ. ಶನಿವಾರ ಆದರೆ ಭಾಷೆಗೆ ನಾನೂ ಬರುತ್ತೇನೆ. ಒಳಗೆ ಹಾಕಿಕೊಳ್ಳಲು ಚಪ್ಪಲಿ, ಶೂ ಇಡಲು ಒಂದು ಚೀಲ, ಇಬ್ಬರದ್ದೂ ತನ್ನಿ.