150 ಡಾಲರ್ ಒಳಗೆ ಹ್ಯಾಂಡ್‌ಗಾರ್ಡ್ ಮತ್ತು ಬ್ಯಾಕಪ್ ಸೈಟ್: ಮುಂದಿನ ಟವರ್ ಅಡ್ಡ ಬರುತ್ತಿದೆ, ಏನು ಮಾಡಲಿ?

ಹೊಸಗುರಿ

ಎಲ್ಲರಿಗೂ ನಮಸ್ಕಾರ. ಡಲ್ಲಾಸ್ ಹತ್ತಿರ ಇದ್ದೇನೆ. ಗ್ರೀನ್ ಕಾರ್ಡ್ ಬಂದ ಮೇಲೆ ಒಂದು ಸೆಕೆಂಡ್ ಹ್ಯಾಂಡ್ ಎಆರ್-15 ತೆಗೆದುಕೊಂಡೆ. 16 ಇಂಚಿನ ಬ್ಯಾರೆಲ್. ಮೇಲೆ ಫ್ಲಾಟ್ ರೈಲು, ಅದರ ಮೇಲೆ ರೆಡ್ ಡಾಟ್ (ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸಿ ಗುರಿ ಹಿಡಿಸುವ ಬ್ಯಾಟರಿ ಸಾಧನ). ಮುಂದೆ ಹಳೇ ಕಾಲದ ತ್ರಿಕೋನದ ಟವರ್, ಅದರಲ್ಲೇ ಮುಂದಿನ ಸೈಟ್, ಅಂದರೆ ಗುರಿ ಹಿಡಿಯುವ ಕಡ್ಡಿ. ಹಿಂದಿನ ಸೈಟ್ ಇಲ್ಲವೇ ಇಲ್ಲ.

ಹ್ಯಾಂಡ್‌ಗಾರ್ಡ್, ಅಂದರೆ ಬ್ಯಾರೆಲ್ ಸುತ್ತ ಕೈ ಹಿಡಿಯುವ ಕವಚ, ಉರುಟಾದ ಪ್ಲಾಸ್ಟಿಕ್. ಲೈಟ್ ಕಟ್ಟಲು ಜಾಗ ಇಲ್ಲ. ಡಾಟ್‌ನ ಬ್ಯಾಟರಿ ಹೋದರೆ ಗುರಿ ಹಿಡಿಯಲು ಏನೂ ಇಲ್ಲ. ಅದಕ್ಕೆ 13 ಇಂಚಿನ ಫ್ರೀ ಫ್ಲೋಟ್ (ಬ್ಯಾರೆಲ್‌ಗೆ ತಾಗದೆ ನಿಲ್ಲುವ) ಹ್ಯಾಂಡ್‌ಗಾರ್ಡ್ ಒಂದು, ಮಡಚುವ ಪ್ಲಾಸ್ಟಿಕ್ ಸೈಟ್‌ಗಳ ಜೋಡಿ ಒಂದು ಕಾರ್ಟ್‌ನಲ್ಲಿ ಇಟ್ಟಿದ್ದೇನೆ. ಬಜೆಟ್ 150 ಡಾಲರ್. ಆರ್ಡರ್ ಒತ್ತುವ ಮುಂಚೆ ಕೇಳೋಣ ಅನಿಸಿತು. ಆ ಟವರ್ ಇದ್ದ ಹಾಗೇ 13 ಇಂಚಿನದು ಕೂರುತ್ತಾ?

ಬ್ಯಾರೆಲ್_ಭಟ್ಟ

ಕೂರುವುದಿಲ್ಲ. ಒತ್ತಬೇಡಿ.

ಮೊದಲು ಒಂದು ಅಳತೆ ಕೊಡಿ. ರಿಸೀವರ್ (ಬ್ಯಾರೆಲ್ ಕೂರುವ ಲೋಹದ ಒಡಲು) ಮುಂಭಾಗದಿಂದ ಟವರ್ ಹಿಂದೆ ಇರುವ ತಗಡಿನ ಕ್ಯಾಪ್ ತನಕ ಎಷ್ಟು ಇಂಚು? ಸುಮಾರು 7 ಬಂದರೆ ಕಾರ್ಬೈನ್ ಗ್ಯಾಸ್ ಸಿಸ್ಟಂ. 9 ಬಂದರೆ ಮಿಡ್-ಲೆಂತ್. 12 ಬಂದರೆ ರೈಫಲ್ ಲೆಂತ್. ಹ್ಯಾಂಡ್‌ಗಾರ್ಡ್ ಕೊಳ್ಳುವಾಗ ಇದೇ ಮೊದಲ ಪ್ರಶ್ನೆ, ಬ್ರ್ಯಾಂಡ್ ಆಮೇಲೆ.

ಅಳೆಯುವ ಮುಂಚೆ ಮ್ಯಾಗಜೀನ್ ತೆಗೆಯಿರಿ. ಬೋಲ್ಟ್ ಹಿಂದೆ ಎಳೆದು ಚೇಂಬರ್ ಖಾಲಿ ಇದೆಯಾ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿ. ಗುಂಡುಗಳು ಬೇರೆ ಕೋಣೆಯಲ್ಲಿ ಇರಲಿ.

ಹೊಸಗುರಿ

7ಕ್ಕೆ ಒಂಚೂರು ಆಚೀಚೆ. ಹಾಗಾದರೆ ಕಾರ್ಬೈನ್. ಟವರ್ ತೆಗೆದುಬಿಟ್ಟರೆ ಆಗುತ್ತಾ? ವಿಡಿಯೊಗಳಲ್ಲಿ ಎಲ್ಲರೂ ಸುಲಭವಾಗಿ ತೆಗೆಯುತ್ತಾರೆ.

ಮಂಜ_ಹ್ಯೂಸ್ಟನ್

ಆಗುತ್ತೆ ಗುರು, ನಾನೇ ತೆಗೆದಿದ್ದೇನೆ. ಫ್ರೀ ಫ್ಲೋಟ್ ಹಾಕಿದ ಮೇಲೆ ರೈಫಲ್‌ನ ಕಳೆಯೇ ಬೇರೆ. ಕೈ ಮುಂದೆ ಚಾಚಿ ಹಿಡಿಯಬಹುದು. ಸ್ಲಿಂಗ್ ಎಳೆದರೂ, ಬೈಪಾಡ್ ಊರಿದರೂ ಬ್ಯಾರೆಲ್ ಮೇಲೆ ಒತ್ತಡ ಬೀಳಲ್ಲ. ಟವರ್ ಅನ್ನು ಗರಗಸದಲ್ಲಿ ಕುಯ್ದು, ಅರದಿಂದ ಉಜ್ಜಿ ಗಿಡ್ಡ ಮಾಡುವವರೂ ಇದ್ದಾರೆ. ಅದಕ್ಕೆ ಹೊಸ ಗ್ಯಾಸ್ ಬ್ಲಾಕ್ ಖರ್ಚೂ ಇಲ್ಲ.

ಬ್ಯಾರೆಲ್_ಭಟ್ಟ

ಮಂಜ ಹೇಳಿದ್ದು ಸುಳ್ಳಲ್ಲ. ಆದರೆ 150 ಡಾಲರ್ ಅನ್ನೋ ಮಾತು ಅಲ್ಲಿಗೇ ಮುಗಿಯಿತು. ಏನೇನು ಬೇಕು ನೋಡಿ.

ಆ ಟವರ್ ಬರೀ ಸೈಟ್ ಅಲ್ಲ, ಗ್ಯಾಸ್ ಬ್ಲಾಕ್ ಕೂಡ ಅದೇ. ಗುಂಡು ಹಾದುಹೋಗುವಾಗ ಬ್ಯಾರೆಲ್‌ನ ಸಣ್ಣ ರಂಧ್ರದಿಂದ ಗ್ಯಾಸ್ ಹೊರಟು, ಟವರ್ ಒಳಗಿನಿಂದ ಗ್ಯಾಸ್ ಟ್ಯೂಬಿಗೆ ಹೋಗುತ್ತದೆ. ಬೋಲ್ಟ್ ಓಡುವುದು ಅದರಿಂದಲೇ. ತೆಗೆದರೆ ಅದರ ಜಾಗಕ್ಕೆ ಲೋ ಪ್ರೊಫೈಲ್ ಗ್ಯಾಸ್ ಬ್ಲಾಕ್ ಬೇಕು. ಸಾಮಾನ್ಯವಾಗಿ 0.750 ಇಂಚಿನದು, ತೆಳು ಬ್ಯಾರೆಲ್ ಆದರೆ 0.625. ಟವರ್ ಅನ್ನು ಎರಡು ಟೇಪರ್ ಪಿನ್ ಹಿಡಿದಿರುತ್ತವೆ. ಅವುಗಳ ಒಂದು ತುದಿ ತೆಳು, ಇನ್ನೊಂದು ದಪ್ಪ. ತೆಳು ತುದಿ ಯಾವ ಕಡೆ ಅಂತ ನೋಡದೆ ಸುತ್ತಿಗೆ ಬೀಸಿದರೆ ಪಿನ್ ಇನ್ನಷ್ಟು ಬಿಗಿಯಾಗಿ ಕೂರುತ್ತದೆ.

ಪಿನ್ ಹೊರಗೆ ಬಂದರೂ ಟವರ್ ಮುಂದಕ್ಕೆ ಜಾರಿ ಬರಬೇಕಲ್ವಾ? ಅದಕ್ಕೆ ತುದಿಯ ಫ್ಲ್ಯಾಶ್ ಹೈಡರ್ ಬಿಚ್ಚಬೇಕು. ಮತ್ತೆ ಹಾಕುವಾಗ ಹೊಸ ಕ್ರಶ್ ವಾಷರ್. ಬ್ಯಾರೆಲ್ ಅನ್ನು ರಿಸೀವರ್‌ಗೆ ಹಿಡಿಸುವ ಹಳೇ ಬ್ಯಾರೆಲ್ ನಟ್ ಬಿಚ್ಚಲು ವೈಸ್, ರಿಸೀವರ್ ಹಿಡಿಯುವ ಬ್ಲಾಕ್, ವ್ರೆಂಚ್. ಹೊಸ ನಟ್ ಕೂರಿಸಲು ಟಾರ್ಕ್ ವ್ರೆಂಚ್. ಮಾಮೂಲಿ ನಟ್‌ಗೆ 30ರಿಂದ 80 ಫುಟ್-ಪೌಂಡ್ ಅಳತೆ. ಹ್ಯಾಂಡ್‌ಗಾರ್ಡ್ ಜೊತೆ ಬರುವ ನಟ್‌ಗೆ ತಯಾರಕರು ಹೇಳಿದ್ದೇ ಲೆಕ್ಕ. ಇಷ್ಟೆಲ್ಲ ಆದ ಮೇಲೆ ಮುಂದಿನ ಸೈಟ್ ಹೋಗಿರುತ್ತದೆ, ಅದನ್ನೂ ಕೊಳ್ಳಬೇಕು. ಉಪಕರಣ ಕೈಯಲ್ಲಿ ಇಲ್ಲದವರಿಗೆ 250 ದಾಟುತ್ತದೆ.

ಇನ್ನೊಂದು ಮುಖ್ಯ ವಿಷಯ. ನಿಮ್ಮದು ನಿಜವಾಗಿ 16 ಇಂಚಿನ ಬ್ಯಾರೆಲ್ಲೇ ಅಂತ ಖಾತ್ರಿ ಮಾಡಿಕೊಳ್ಳಿ. 14.5 ಇಂಚಿನ ಬ್ಯಾರೆಲ್ ತುದಿಗೆ ಉದ್ದದ ಮಜಲ್ ಡಿವೈಸ್ (ಫ್ಲ್ಯಾಶ್ ಹೈಡರ್‌ನಂಥದ್ದು) ಪಿನ್ ಹೊಡೆದು ವೆಲ್ಡ್ ಮಾಡಿ 16 ದಾಟಿಸಿರುವ ರೈಫಲ್‌ಗಳೂ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತವೆ. ಅದನ್ನು ಕಿತ್ತರೆ ಕಾನೂನಿನ ಕಣ್ಣಲ್ಲಿ ಅದು ಶಾರ್ಟ್ ಬ್ಯಾರೆಲ್ ರೈಫಲ್. ನೋಂದಣಿ ಇಲ್ಲದೆ ಇಟ್ಟುಕೊಂಡರೆ ಫೆಡರಲ್ ಅಪರಾಧ.

ಹೊಸಗುರಿ

ಅಯ್ಯೋ, ಇಷ್ಟೊಂದಾ! ಫ್ಲ್ಯಾಶ್ ಹೈಡರ್‌ನಲ್ಲಿ ವೆಲ್ಡ್ ಗುರುತು ಇಲ್ಲ, ಬ್ಯಾರೆಲ್ 16 ಇಂಚೇ. ಹಾಗಾದರೆ ನನ್ನ ಬಜೆಟ್‌ಗೆ ಏನೂ ಆಗಲ್ವಾ?

ಬ್ಯಾರೆಲ್_ಭಟ್ಟ

ಆಗುತ್ತೆ, ದುಡ್ಡೂ ಉಳಿಯುತ್ತೆ. ನಿಮ್ಮ ಹತ್ತಿರ ಆಗಲೇ ಒಂದು ಮುಂದಿನ ಸೈಟ್ ಇದೆ. ಉಕ್ಕಿನದು, ಬ್ಯಾರೆಲ್‌ಗೆ ಪಿನ್ ಹೊಡೆದದ್ದು, ಎಲ್ಲಿ ಬಡಿದರೂ ಅಲುಗಾಡದ್ದು. ಅದನ್ನು ಕಿತ್ತು ಹಾಕಿ 40 ಡಾಲರ್ ಪ್ಲಾಸ್ಟಿಕ್ ಸೈಟ್ ಕೊಳ್ಳುವುದು ಯಾಕೆ?

ಟವರ್ ಇರಲಿ. ಹಿಂದಿನ ಸೈಟ್ ಒಂದೇ ಕೊಳ್ಳಿ. ಹ್ಯಾಂಡ್‌ಗಾರ್ಡ್ ಎರಡು ಹೋಳಿನ ಡ್ರಾಪ್-ಇನ್ ಕೊಳ್ಳಿ, ಟವರ್, ನಟ್ ಬಿಚ್ಚದೆ ಹಳೆಯದರ ಜಾಗಕ್ಕೇ ಕೂರುವಂಥದ್ದು. ಮ್ಯಾಗ್‌ಪುಲ್‌ನ ಎಂಒಇ ಎಂ-ಲಾಕ್ (ಬಿಡಿಭಾಗ ಕಟ್ಟಲು ಸೀಳುಗಳಿರುವ ಮಾದರಿ), ಕಾರ್ಬೈನ್ ಲೆಂತ್, 30-40 ಡಾಲರ್ ಆಸುಪಾಸು. ಹಿಂದಕ್ಕೆ ಅದೇ ಕಂಪನಿಯ ಎಂಬಿಯುಎಸ್ ರಿಯರ್, 50-60ರ ಆಸುಪಾಸು. ಒಟ್ಟು ನೂರು. ಉಳಿದದ್ದರಲ್ಲಿ ಗುಂಡು ತಗೊಂಡು ರೇಂಜಿಗೆ ಹೋಗಿ.

ಅಲ್ಯೂಮಿನಿಯಂ ಡ್ರಾಪ್-ಇನ್‌ಗಳೂ ಇವೆ, ಯುಟಿಜಿ ಪ್ರೊ ತರಹ. ಅವು ಕೆಟ್ಟವಲ್ಲ. ಆದರೆ ಬೇಗ ಕೈ ಸುಡುತ್ತವೆ. ಸುತ್ತಲೂ ಪಿಕಟಿನಿ ಹಲ್ಲು ಇರುವುದನ್ನು ಕೈಗವಸು ಇಲ್ಲದೆ ಹಿಡಿದರೆ ತುರಿಯುವ ಮಣೆ ಹಿಡಿದ ಹಾಗೆ. ಎಂ-ಲಾಕ್‌ನಂತೆಯೇ ಬಿಡಿಭಾಗ ಕಟ್ಟುವ ಇನ್ನೊಂದು ಪದ್ಧತಿ ಕೀಮಾಡ್, ಅದು ರಿಯಾಯಿತಿಯಲ್ಲಿ ಕಂಡರೂ ಬೇಡ. 2014ರಲ್ಲಿ ಎಂ-ಲಾಕ್ ಬಂತು. 2017ರಲ್ಲಿ ಅಮೆರಿಕದ ನೌಕಾಪಡೆಯ ಕ್ರೇನ್ ಕೇಂದ್ರದ ಪರೀಕ್ಷೆಯಲ್ಲೂ ಅದೇ ಮೇಲು ಅನಿಸಿಕೊಂಡಿತು. ಈಗ ಕೀಮಾಡ್ ಬಿಡಿಭಾಗ ಹುಡುಕುವುದೇ ಕಷ್ಟ.

ಹಿಂದಿನ ಸೈಟ್ ತೀರಾ ಅಗ್ಗಕ್ಕೆ ಕಂಡರೆ ಅದು ಏರ್‌ಸಾಫ್ಟ್ ಆಟಿಕೆಗೆ ಮಾಡಿದ ನಕಲು ಇರಬಹುದು. ನೋಡಲು ಒಂದೇ ಥರ. ನಿಜವಾದ ಗುಂಡಿನ ಹೊಡೆತಕ್ಕೆ ಝೀರೋ, ಅಂದರೆ ಸರಿಹೊಂದಿಸಿದ ಗುರಿ, ನಿಲ್ಲುವುದಿಲ್ಲ.

ಮಂಜ_ಹ್ಯೂಸ್ಟನ್

ಭಟ್ರೇ, ಫ್ರೀ ಫ್ಲೋಟ್ ಇಲ್ಲದೆ ನಿಖರತೆ?

ಬ್ಯಾರೆಲ್_ಭಟ್ಟ

ರೆಡ್ ಡಾಟ್ ಇಟ್ಟು 100 ಗಜದೊಳಗೆ ಹೊಡೆಯುವವರಿಗೆ ಆ ವ್ಯತ್ಯಾಸ ಕಾಣಲ್ಲ. ಸ್ಕೋಪ್ ಹಾಕಿ ದೂರಕ್ಕೆ ಹೋಗುವ ದಿನ ಮಾತಾಡೋಣ. ಟವರ್ ಉಳಿಸಿಕೊಂಡೇ ಹಾಕುವ ಎರಡು ತುಂಡಿನ ಫ್ರೀ ಫ್ಲೋಟ್ ಕೂಡ ಮಿಡ್‌ವೆಸ್ಟ್ ಇಂಡಸ್ಟ್ರೀಸ್ ತರಹದವರು ಮಾಡುತ್ತಾರೆ, ಹಳೇ ಬ್ಯಾರೆಲ್ ನಟ್ ಮೇಲೆಯೇ ಬಿಗಿಯುವಂಥದ್ದು. ಆದರೆ ಈ ಬಜೆಟ್ ದಾಟುತ್ತದೆ.

ಡ್ರಾಪ್-ಇನ್ ವಿಷಯದಲ್ಲಿ ಒಂದೇ ನಿಯಮ. ಅದರ ಮೇಲೆ ಲೈಟ್ ಕಟ್ಟಿ, ಹಿಡಿ ಕಟ್ಟಿ. ಸೈಟ್ ಅಥವಾ ಲೇಸರ್ ಮಾತ್ರ ಬೇಡ. ಸ್ಪ್ರಿಂಗ್ ಒತ್ತಡದಲ್ಲಿ ಕೂತಿರುವ ವಸ್ತು, ಚೂರು ಅಲುಗುತ್ತದೆ. ಅದು ದೋಷವಲ್ಲ, ಅದರ ಸ್ವಭಾವ.

ಕೊಡಗಿನ_ಕೋವಿ

ಹಾಕುವಾಗ ಡೆಲ್ಟಾ ರಿಂಗ್, ಅಂದರೆ ಹ್ಯಾಂಡ್‌ಗಾರ್ಡ್‌ನ ಹಿಂದಿನ ತುದಿ ಹಿಡಿಯುವ ಸ್ಪ್ರಿಂಗ್ ಉಂಗುರ, ಸತಾಯಿಸುತ್ತದೆ. ಮನೆಯಲ್ಲಿ ಇನ್ನೊಬ್ಬರನ್ನು ಕರೆಯಿರಿ. ಒಬ್ಬರು ಎರಡೂ ಕೈಯಿಂದ ರಿಂಗ್ ಅನ್ನು ರಿಸೀವರ್ ಕಡೆ ಒತ್ತಿ ಹಿಡಿಯಲಿ, ಇನ್ನೊಬ್ಬರು ಹೋಳು ಎಳೆಯಲಿ. ಸ್ಕ್ರೂಡ್ರೈವರ್ ತೂರಿಸಿ ಮೀಟಲು ಹೋಗಬೇಡಿ, ರಿಸೀವರ್ ಬಣ್ಣ ಕಿತ್ತು ಬರುತ್ತದೆ.

ವೀಸಾ_ವಾಸು

ಮಧ್ಯದಲ್ಲಿ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಎಚ್-1ಬಿ. ನಾನೂ ಕೊಳ್ಳಬಹುದಾ? ಡಿಸೆಂಬರ್‌ನಲ್ಲಿ ಊರಿಗೆ ಹೋಗುತ್ತೇನೆ, ಅಣ್ಣನಿಗೆ ಇಂಥ ಒಂದು ಸೈಟ್ ತಗೊಂಡು ಹೋಗಬಹುದಾ?

ಕೊಡಗಿನ_ಕೋವಿ

ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಬಂದೂಕು, ಗುಂಡು ಇಟ್ಟುಕೊಳ್ಳುವುದಕ್ಕೆ ಇಲ್ಲಿನ ಫೆಡರಲ್ ಕಾನೂನು ಸಾಮಾನ್ಯವಾಗಿ ಬಿಡುವುದಿಲ್ಲ. ರಾಜ್ಯವೊಂದು ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಆದರೆ ಎಡವಿದರೆ ವೀಸಾನೇ ಹೋಗುತ್ತದೆ. ವಕೀಲರನ್ನು ಕೇಳದೆ ಮುಂದುವರಿಯಬೇಡಿ.

ಊರಿಗೆ ಒಯ್ಯುವ ಯೋಚನೆ ಈಗಲೇ ಬಿಡಿ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ 'ಶಸ್ತ್ರ' ಅಂದರೆ ಅದರ ಬಿಡಿಭಾಗವೂ ಸೇರುತ್ತದೆ. ಬೆಂಗಳೂರು ಏರ್‌ಪೋರ್ಟ್‌ನ ಕಸ್ಟಮ್ಸ್ ಮುಂದೆ ನಿಂತು 'ಇದು ಬರೀ ಸೈಟ್ ಸರ್' ಅಂತ ವಾದ ಮಾಡುವ ಗ್ರಹಚಾರ ಯಾಕೆ? ನಮ್ಮ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ) ಜಮೀನಿನ ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ನಿಜ. ಅದನ್ನು ನಂಬಿ ನಾನೂ ಸೂಟ್‌ಕೇಸ್‌ನಲ್ಲಿ ಒಂದು ಸ್ಕ್ರೂ ಕೂಡ ಹಾಕುವುದಿಲ್ಲ.

ಹೊಸಗುರಿ

ಎಂಒಇ, ಎಂಬಿಯುಎಸ್ ಎರಡೂ ಬಂದವು. ಹೆಂಡತಿ ರಿಂಗ್ ಒತ್ತಿ ಹಿಡಿದಳು, ಸಲೀಸಾಗಿ ಕೂತಿತು. ಈಗ ಹೊಸ ತಲೆನೋವು.

ಡಾಟ್ ಆರಿಸಿ ಬರೀ ಸೈಟ್‌ನಲ್ಲಿ 25 ಗಜಕ್ಕೆ ಹೊಡೆದೆ. ಗುಂಡುಗಳು ಒಂದೇ ಕಡೆ ಬೀಳುತ್ತಿವೆ, ಆದರೆ ಗುರಿಗಿಂತ ಸುಮಾರು ಎರಡೂವರೆ ಇಂಚು ಮೇಲೆ. ಟವರ್‌ನಲ್ಲಿರುವ ಪೋಸ್ಟನ್ನು, ಅಂದರೆ ಗುರಿಯ ಕಡ್ಡಿಯನ್ನು, ತಿರುಗಿಸಿ ಮೇಲೆತ್ತುತ್ತಾ ಹೋದೆ. ಈಗ ಅದು ತುಂಬಾ ಹೊರಗೆ ಬಂದು ಅಲ್ಲಾಡುತ್ತಿದೆ. ಹಿಂದಿನ ಸೈಟ್ ಹಾಳಾಗಿದೆಯಾ? ಇನ್ನೊಂದು, ಡಾಟ್ ಹಾಕಿದರೆ ಗಾಜಿನ ಕೆಳಭಾಗದಲ್ಲಿ ಟವರ್ ಕಾಣುತ್ತದೆ. ಅದು ಸರಿಯಾ?

ಬ್ಯಾರೆಲ್_ಭಟ್ಟ

ಹಿಂದಿನ ಸೈಟ್ ಸರಿ ಇದೆ. ಟವರ್ ಪಕ್ಕದಲ್ಲಿ 'ಎಫ್' ಅನ್ನೋ ಇಂಗ್ಲಿಷ್ ಅಕ್ಷರದ ಗುರುತು ಇದೆಯಾ ನೋಡಿ.

ಹೊಸಗುರಿ

ಟಾರ್ಚ್ ಬಿಟ್ಟು ಎರಡೂ ಕಡೆ ನೋಡಿದೆ. ಇಲ್ಲ.

ಬ್ಯಾರೆಲ್_ಭಟ್ಟ

ಸಿಕ್ಕಿತು. ಹಳೇ ಎಆರ್‌ಗಳಲ್ಲಿ ಮೇಲೆ ಕ್ಯಾರಿ ಹ್ಯಾಂಡಲ್ ರಿಸೀವರ್ ಜೊತೆಗೇ ಬರುತ್ತಿತ್ತು. ಫ್ಲಾಟ್ ರೈಲಿನ ರಿಸೀವರ್ ಬಂದಾಗ ಅದರ ಮೇಲೆ ಕೂರುವ ಹಿಂದಿನ ಸೈಟ್ ಚೂರು ಎತ್ತರವಾಯಿತು. ಅದಕ್ಕೆ ಸರಿದೂಗಲು ಟವರ್ ಅನ್ನೂ 0.040 ಇಂಚು ಎತ್ತರ ಮಾಡಿ ಎಫ್ ಗುರುತು ಹಾಕಿದರು. ನಿಮ್ಮದು ಯಾರೋ ಹಳೇ ಟವರ್ ಇರುವ ಬ್ಯಾರೆಲ್‌ಗೆ ಫ್ಲಾಟ್ ರಿಸೀವರ್ ಜೋಡಿಸಿದ ರೈಫಲ್ ಇರಬೇಕು.

ಲೆಕ್ಕವೂ ಕೂಡುತ್ತದೆ. ಕಾರ್ಬೈನ್‌ನಲ್ಲಿ ಎರಡು ಸೈಟ್‌ಗಳ ನಡುವೆ ಸುಮಾರು 14.5 ಇಂಚು. 25 ಗಜ ಅಂದರೆ 900 ಇಂಚು. 0.040 ಅನ್ನು 14.5ರಿಂದ ಭಾಗಿಸಿ 900ರಿಂದ ಗುಣಿಸಿದರೆ ಎರಡೂವರೆ ಇಂಚು ಬರುತ್ತದೆ. ನೀವು ಹೇಳಿದ್ದೂ ಅಷ್ಟೇ ಅಲ್ವಾ?

ಟವರ್ ಬದಲಿಸುವುದು ಬೇಡ. 0.040 ಇಂಚು ಜಾಸ್ತಿ ಎತ್ತರದ ಫ್ರಂಟ್ ಸೈಟ್ ಪೋಸ್ಟ್ ಅಂತಲೇ ಮಾರುತ್ತಾರೆ, ಕೆಲವೇ ಡಾಲರ್. ಹಳೆಯದನ್ನು ಬಿಚ್ಚುವಾಗ ಕೆಳಗಿನ ಸಣ್ಣ ಸ್ಪ್ರಿಂಗ್ ಮತ್ತು ಡಿಟೆಂಟ್ (ಪೋಸ್ಟ್ ತಾನಾಗಿ ತಿರುಗದಂತೆ ಹಿಡಿಯುವ ಮೊಳೆ) ಹಾರಿಹೋಗದಂತೆ ನೋಡಿಕೊಳ್ಳಿ. ಈಗ ನಿಮ್ಮ ಪೋಸ್ಟ್ ಅಲ್ಲಾಡುತ್ತಿರುವುದಕ್ಕೆ ಕಾರಣವೂ ಅದೇ. ಅಷ್ಟು ಮೇಲೆ ಬಂದರೆ ಡಿಟೆಂಟ್ ಹಿಡಿತಕ್ಕೆ ಸಿಗುವುದಿಲ್ಲ. ಹೊಸದರ ಬುಡದ ಚಕ್ರವನ್ನು ಟವರ್ ಮಟ್ಟಕ್ಕೆ ಸಮ ಇಟ್ಟು ಶುರು ಮಾಡಿ. ಗುಂಡು ಮೇಲೆ ಬಿದ್ದರೆ ಪೋಸ್ಟ್ ಮೇಲಕ್ಕೆ, ಕೆಳಗೆ ಬಿದ್ದರೆ ಕೆಳಕ್ಕೆ. ಎಡ-ಬಲ ಮಾತ್ರ ಹಿಂದಿನ ಸೈಟ್‌ನಲ್ಲಿ.

25 ಗಜದಲ್ಲಿ ನಡುಮಧ್ಯಕ್ಕೆ ತರಲು ಹೋಗಬೇಡಿ. ಸೈಟ್ ಬ್ಯಾರೆಲ್‌ಗಿಂತ ಎರಡೂವರೆ ಇಂಚಿನಷ್ಟು ಮೇಲಿದೆ. 50 ಗಜದ ಝೀರೋ ಬೇಕಾದರೆ 25ರಲ್ಲಿ ಒಂದು ಇಂಚಿನಷ್ಟು ಕೆಳಗೆ ಬೀಳಬೇಕು. ಆಮೇಲೆ 50ಕ್ಕೆ ಹೋಗಿ ತಿದ್ದಿ. 55 ಗ್ರೇನ್ ಗುಂಡಿಗೆ ಅದು ಸರಿಸುಮಾರು 200ರಲ್ಲೂ ಕೂಡುತ್ತದೆ.

ಡಾಟ್‌ನಲ್ಲಿ ಟವರ್ ಕಾಣುವುದು ಸಹಜ. ನಿಮ್ಮ ಮೌಂಟ್ ಲೋವರ್ 1/3 ಎತ್ತರದ್ದು ಇರಬೇಕು, ಅಂದರೆ ಸೈಟ್‌ಗಳು ಗಾಜಿನ ಕೆಳಗಿನ ಮೂರನೇ ಒಂದು ಭಾಗದಲ್ಲಿ ಕಾಣುವಂಥದ್ದು. ಡಾಟ್ ಮೇಲೆ ಗಮನ ಇಟ್ಟರೆ ಕೆಲವೇ ದಿನದಲ್ಲಿ ಟವರ್ ಇದೆ ಅಂತಲೇ ಮರೆತುಹೋಗುತ್ತದೆ. ಎರಡನ್ನೂ ಬೇರೆ ಬೇರೆ ಝೀರೋ ಮಾಡಿ. ಚುಕ್ಕೆಯನ್ನು ಪೋಸ್ಟ್ ತುದಿಗೆ ತಂದು ಕೂರಿಸಬೇಕು ಅನ್ನುವವರ ಮಾತು ಕೇಳಬೇಡಿ.

ಹೊಸಗುರಿ

ಎತ್ತರದ ಪೋಸ್ಟ್ ಹಾಕಿದೆ. ಬುಡ ಸಮ ಇಟ್ಟು ಸ್ವಲ್ಪವೇ ತಿರುಗಿಸಬೇಕಾಯಿತು. 50 ಗಜದಲ್ಲಿ ಈಗ ಇಟ್ಟ ಕಡೆ ಬೀಳುತ್ತಿದೆ, ಅಲ್ಲಾಟವೂ ಇಲ್ಲ. ಭಟ್ರೇ, ತುಂಬಾ ಥ್ಯಾಂಕ್ಸ್. ಒಂದೇ ಒಂದು ಉಳಿದಿದೆ. ಲೈಟ್‌ಗೆ ಎಂ-ಲಾಕ್ ರೈಲು ತುಂಡು ಹಾಕಿದೆ, ಸ್ಕ್ರೂ ಬಿಗಿ ಮಾಡಿದರೂ ಸರಿದಾಡುತ್ತಿದೆ.

ಕೊಡಗಿನ_ಕೋವಿ

ಒಳಗಿನ ಟಿ-ನಟ್ ಅಡ್ಡ ತಿರುಗಿಲ್ಲ. ಡೆಲ್ಟಾ ರಿಂಗ್ ಒತ್ತಿ ಆ ಹೋಳು ಬಿಚ್ಚಿ, ಒಳಗಿನಿಂದ ನೋಡಿ. ಸ್ಕ್ರೂ ಸಡಿಲ ಮಾಡಿ ಮತ್ತೆ ಬಿಗಿಯುವಾಗ ನಟ್ ಪೂರ್ತಿ 90 ಡಿಗ್ರಿ ತಿರುಗಿ ಸೀಳಿಗೆ ಅಡ್ಡ ನಿಲ್ಲಬೇಕು. ಅರ್ಧಕ್ಕೆ ನಿಂತಿದ್ದರೆ ಎಷ್ಟು ಬಿಗಿದರೂ ಪ್ರಯೋಜನ ಇಲ್ಲ, ಪ್ಲಾಸ್ಟಿಕ್ ಸೀಳು ಹಾಳಾಗುತ್ತೆ ಅಷ್ಟೇ.

ಹೊಸಗುರಿ

ಹೌದು, ಒಂದು ನಟ್ ಓರೆಯಾಗಿ ನಿಂತಿತ್ತು. ಈಗ ಗಟ್ಟಿಯಾಗಿದೆ.